ಚಿತ್ರದ ಬೆಲೆಯನ್ನು ಕಟ್ಟುವವರು ಯಾರು?

(ಶಿಕ್ಷಕರು ಏರ್ಪಡಿಸಿದ ಚಿತ್ರಪ್ರದರ್ಶನದ ಆರಂಭದಲ್ಲಿ ಚಿತ್ರಕಾರರೊಬ್ಬರು ಮಾಡಿದ ಭಾಷಣವು)



ಕುಂಚವನ್ನು ಹಿಡಿದು ರೂಢಿಯಾದ ಕೈಗೆ ಭಾಷಣದ ಕಾಗದವನ್ನು ಹಿಡಿಯುವದೆಂದರೆ ಸಂಕೋಚದ ಕೆಲಸವೇ ಸರಿ. ಆದರೂ ತಮ್ಮ ಪ್ರೀತಿಯ ಮಾತನ್ನು ಮೀರಲಾರದೆ ಇಲ್ಲಿ ನಿಂತಿದ್ದೇವೆ. ಪಾಂಡಿತ್ಯವನ್ನು ತಾವು ನಮ್ಮಿಂದ ನಿರೀಕ್ಷಿಸಲಾರಿರಿ. ನಾಲ್ವತ್ತು ವರುಷ ಬಣ್ಣ ಕಲಸಿದವರ ಮನಸ್ಸಿನಲ್ಲಿ ಮೇಲಿಂದ ಮೇಲೆ ಏಳುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಟ್ಟು, ಅದಕ್ಕೆ ನಮಗೆ ತೋಚಿದ ಉತ್ತರವನ್ನು ಅರಿಕೆ ಮಾಡಿಕೊಳ್ಳುವೆವು.

ನಿನ್ನೆ ಸಂಜೆ ಇದೇ ಮಂದಿರದಲ್ಲಿ ಚಿತ್ರಗಳನ್ನು ತೂಗುಹಾಕುತ್ತಿದ್ದೆವು. ಆಗ ಸದ್ಗೃಹಸ್ಥರೊಬ್ಬರು ಒಳಗೆ ಬಂದರು. ಕೆರೆಯ ದಂಡೆಯ ಹುಣಿಸೆಯ ಮರದ ಒಂದು ಸಣ್ಣ ಚಿತ್ರದ ಮುಂದೆ ನಿಂತು, ಕೆಳಗೆ ಬರೆದ ಬೆಲೆಯನ್ನು ಓದಿ, "ಇದನ್ನು ಬರೆಯಲಿಕ್ಕೆ ಎಷ್ಟು ದಿನ ಹಿಡಿಯಿತು, ಮಾಸ್ತರರೇ?" ಎಂದು ಕೇಳಿದರು. ಮೂರು ದಿನವೆಂದು ನಿಜವನ್ನೇ ಹೇಳಿದೆವು. ಅವರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, "ನಮ್ಮ ಮನೆ ಕಟ್ಟುವ ಗೌಂಡಿಗೆ ಮೂರು ದಿನಕ್ಕೆ ಇದರ ಹತ್ತರಲ್ಲೊಂದು ಪಾಲು ಕೂಡ ಬೀಳುವದಿಲ್ಲವಲ್ಲ!" ಎಂದು ಆಶ್ಚರ್ಯಪಟ್ಟರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವು ಸಲ್ಲಬೇಕು. ನಮಗೆ ನಿನ್ನೆ ಅದು ಒದಗಿ ಬರಲಿಲ್ಲ, ನಕ್ಕು ಸುಮ್ಮನಾದೆವು. ರಾತ್ರಿಯೆಲ್ಲ ಆ ಮಾತೇ ತಲೆಯಲ್ಲಿ ಸುಳಿಯುತ್ತಿತ್ತು. ಈ ಹೊತ್ತಿನ ಭಾಷಣವು ಆ ಮಹನೀಯರಿಗೆ ನಾವು ಕೊಡುವ, ಒಂದು ದಿನ ತಡವಾದ ಉತ್ತರವೆಂದು ತಿಳಿಯಬೇಕು.

ಈ ಪ್ರಶ್ನೆಯು ನಮ್ಮ ಊರಿನಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1878ನೆಯ ಇಸವಿಯ ನವೆಂಬರ ತಿಂಗಳಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಇದೇ ಪ್ರಶ್ನೆಯನ್ನು ಜೇಮ್ಸ್ ವಿಸ್ಲರ್ ಎಂಬ ಚಿತ್ರಕಾರನಿಗೆ ಎದುರು ಪಕ್ಷದ ವಕೀಲರು ಕೇಳಿದರು. ವಿಸ್ಲರನು ಥೇಮ್ಸ್ ನದಿಯ ಬದಿಯ ಉದ್ಯಾನವೊಂದರಲ್ಲಿ ಇರುಳು ಬಾಣಬಿರುಸುಗಳು ಉದುರುವ ನೋಟವನ್ನು ಬರೆದಿದ್ದನು. ಕಪ್ಪು ಆಕಾಶ, ಹೊಗೆ, ಅಲ್ಲಲ್ಲಿ ಚಿನ್ನದ ಕಿಡಿ, ಇಷ್ಟೇ ಅದರಲ್ಲಿರುವದು. ಬೆಲೆಯನ್ನು 200 ಗಿನಿಗಳೆಂದು ಇಟ್ಟಿದ್ದನು. ಅದನ್ನು 1877ರ ಪ್ರದರ್ಶನದಲ್ಲಿ ಕಂಡ ವಿಮರ್ಶಕ ಜಾನ್ ರಸ್ಕಿನ್ನನು ಕೋಪಗೊಂಡು, ಇದು ಸಾರ್ವಜನಿಕರ ಮುಖಕ್ಕೆ ಬಣ್ಣವೆರಚಿ ಹಣ ಕೇಳಿದಂತಾಯಿತೆಂಬ ಅರ್ಥದಲ್ಲಿ ಬರೆದನು. ವಿಸ್ಲರನು ಮಾನನಷ್ಟದ ದಾವೆಯನ್ನು ಹೂಡಿದನು. ಎಷ್ಟು ಹೊತ್ತಿನ ಕೆಲಸವಿದು ಎಂದು ವಕೀಲರು ಕೇಳಿದಾಗ ಎರಡು ದಿನದ್ದೆಂದು ಒಪ್ಪಿಕೊಂಡನು. ಎರಡು ದಿನದ ದುಡಿತಕ್ಕೆ ಇಷ್ಟು ಹಣವೇ ಎಂಬ ಮಾತು ಬಂದಾಗ, ತಾನು ಬೆಲೆ ಕೇಳುವದು ಆ ಎರಡು ದಿನಕ್ಕಾಗಿ ಅಲ್ಲ, ಇಡಿಯ ಆಯುಷ್ಯದಲ್ಲಿ ಗಳಿಸಿದ ಅರಿವಿಗಾಗಿ ಎಂದು ಉತ್ತರಿಸಿದನು.

ತೀರ್ಪು ಏನಾಯಿತು? ಪಂಚರು ವಿಸ್ಲರನ ಪಕ್ಷವೇ ನ್ಯಾಯವೆಂದರು. ಆದರೆ ಪರಿಹಾರವೆಂದು ಕೊಡಿಸಿದ್ದು ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲುಭಾಗ, ಆ ನಾಡಿನ ಅತ್ಯಂತ ಚಿಕ್ಕ ನಾಣ್ಯಗಳಲ್ಲೊಂದು! ವ್ಯಾಜ್ಯದ ಖರ್ಚನ್ನು ಅವನ ತಲೆಗೇ ಬಿಟ್ಟರು. ಮರುವರುಷ, 1879ರಲ್ಲಿ, ಅವನು ದಿವಾಳಿಯಾದನು. ರಸ್ಕಿನ್ನನ ಖರ್ಚನ್ನಾದರೋ ಅವನ ಅಭಿಮಾನಿಗಳು ವರ್ಗಣಿ ಕೂಡಿಸಿ ತೀರಿಸಿದರು. ಇಂದು ಆ ಚಿತ್ರವು ಅಮೇರಿಕೆಯ ಡೆಟ್ರಾಯಿಟ್ ನಗರದ ಕಲಾಮಂದಿರದಲ್ಲಿ ಗೌರವದಿಂದ ಇರಿಸಲ್ಪಟ್ಟಿದೆ.

ಇಲ್ಲಿ ತಾವು ಒಂದು ಸಂಗತಿಯನ್ನು ಗಮನಿಸಬೇಕು. ರಸ್ಕಿನ್ನನು ಅರಸಿಕನಲ್ಲ, ಧೂರ್ತನೂ ಅಲ್ಲ. 1904ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕೆಯ ರೈಲಿನಲ್ಲಿ ಯಾರ ಪುಸ್ತಕವನ್ನೋದಿ ತಮ್ಮ ಜೀವನದ ದಾರಿಯನ್ನೇ ಬದಲಿಸಿಕೊಂಡರೋ, ಯಾರ ವಿಚಾರವನ್ನು 'ಸರ್ವೋದಯ'ವೆಂಬ ಹೆಸರಿನಿಂದ ನಮಗೆ ತಿಳಿಸಿದರೋ, ಆ ರಸ್ಕಿನ್ನನೇ ಇವನು. ಟರ್ನರ್ ಎಂಬ ಚಿತ್ರಕಾರನನ್ನು ಲೋಕವು ಹೀಯಾಳಿಸುತ್ತಿದ್ದಾಗ ಅವನ ಪಕ್ಷವನ್ನು ವಹಿಸಿ ಸಂಪುಟಗಳನ್ನೇ ಬರೆದವನು. ಅಂಥ ಬಲ್ಲವನ ಕಣ್ಣು ಕೂಡ ವಿಸ್ಲರನ ಚಿತ್ರದ ಮುಂದೆ ಮಂಕಾಯಿತು. ಹಾಗಾದ ಮೇಲೆ ಬಲ್ಲವರ ಮಾತೊಂದೇ ಪ್ರಮಾಣವೆಂದು ನಂಬಿ ಕುಳಿತುಕೊಳ್ಳುವದು ಹೇಗೆ?

ದೂರದ ಲಂಡನ್ನಿನ ಮಾತು ಅದಿರಲಿ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ವೃತ್ತಾಂತವನ್ನು ತಾವು ಬಲ್ಲಿರಿ. 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಕೈಯಲ್ಲಿ ಪಳಗಿ, ಮರಳಿ ಬಂದು ಊಟಿ, ಕೊಡೈಕನಾಲುಗಳ ಮಂಜು ಬಿಸಿಲುಗಳನ್ನು ಕಾಗದದ ಮೇಲೆ ಇಳಿಸಿದ ಪುಣ್ಯಜೀವಿಗಳು ಅವರು. ಮೈಸೂರಿನ ಅರಮನೆಗಾಗಿ ಅವರು ಉಬ್ಬುಶಿಲ್ಪಗಳನ್ನು ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರವರು 1940ರಲ್ಲಿ ದಿವಂಗತರಾದ ಮೇಲೆ ಆ ಕೆಲಸದ ಪ್ರತಿಫಲದ ವಿಷಯದಲ್ಲಿ ವಿವಾದವೆದ್ದು ನ್ಯಾಯಾಲಯದ ಮೆಟ್ಟಿಲನ್ನೇರಿತು. ಕಲೆಗಾರನ ಕೆಲಸವನ್ನು ಯಾವ ಕೋಲಿನಿಂದ ಅಳೆಯಬೇಕೆಂಬ ಪ್ರಶ್ನೆಯು ಹೀಗೆ ನಮ್ಮ ನಾಡಿನ ಕಟಕಟೆಗೂ ಬಂದಿತು. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಅವರ ಹೆಸರಿನ ಪ್ರಶಸ್ತಿಯೂ ಇದೆ. ಬದುಕಿದ್ದಾಗ ಕೂಲಿಯ ತಕರಾರು, ತೀರಿದ ಮೇಲೆ ಹೆಸರಿಗೆ ಹಾರ: ಇದು ಒಬ್ಬರ ಕಥೆಯಲ್ಲ, ಒಂದು ಕುಲದ ಕಥೆ.

ದಿನಗಳ ಲೆಕ್ಕದಿಂದ ಕಲೆಯ ಬೆಲೆ ಗೊತ್ತಾಗುವದಿಲ್ಲವೆಂದಾಯಿತು. ಒಳ್ಳೆಯದು, ಹೆಸರಿನಿಂದ ಗೊತ್ತಾಗುವದೋ?

ಹಾಲೆಂಡ್ ದೇಶದಲ್ಲಿ ಹಾನ್ ವಾನ್ ಮೇಗೆರೆನ್ ಎಂಬ ಚಿತ್ರಕಾರನಿದ್ದನು. ಅವನ ಸ್ವಂತ ಚಿತ್ರಗಳನ್ನು ವಿಮರ್ಶಕರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಆಗ ಅವನು ಹದಿನೇಳನೆಯ ಶತಮಾನದ ವರ್ಮೀರನೆಂಬ ಮಹಾಚಿತ್ರಕಾರನ ಶೈಲಿಯಲ್ಲಿ ಏಸುವಿನ ಭೋಜನದ ಒಂದು ಚಿತ್ರವನ್ನು ಬರೆದು, ಬೇಕಲೈಟಿನ ದ್ರವ್ಯವನ್ನು ಬಣ್ಣಕ್ಕೆ ಬೆರೆಸಿ, ಒಲೆಯಲ್ಲಿ ಕಾಯಿಸಿ, ಮುನ್ನೂರು ವರುಷದ ಬಿರುಕುಗಳನ್ನು ತರಿಸಿದನು. 1937ರಲ್ಲಿ ಆ ಕಾಲದ ಹಿರಿಯ ಪರೀಕ್ಷಕರು ಅದನ್ನು ಕಂಡು ಪುಲಕಿತರಾಗಿ, ಇದು ವರ್ಮೀರನ ಅತ್ಯುತ್ತಮ ಕೃತಿಯೆಂದು ಸಾರಿದರು. ರಾಟರ್‌ಡಾಮಿನ ವಸ್ತುಸಂಗ್ರಹಾಲಯಕ್ಕಾಗಿ ಅದನ್ನು ಐದು ಲಕ್ಷಕ್ಕೂ ಮಿಕ್ಕಿದ ಗಿಲ್ಡರುಗಳಿಗೆ ಕೊಂಡರು. ಜನರು ಸಾಲುಗಟ್ಟಿ ನೋಡಿದರು. ಯುದ್ಧವು ಮುಗಿದ ಮೇಲೆ 1945ರಲ್ಲಿ, ಇಂಥದೇ ಇನ್ನೊಂದು 'ವರ್ಮೀರ'ನನ್ನು ಜರ್ಮನಿಯ ಗೋರಿಂಗನಿಗೆ ಮಾರಿದ್ದಕ್ಕಾಗಿ ಅವನನ್ನು ದೇಶದ್ರೋಹಿಯೆಂದು ಹಿಡಿದರು. ತಲೆಯುಳಿಸಿಕೊಳ್ಳಲಿಕ್ಕೆ ಅವನು ಸತ್ಯವನ್ನು ನುಡಿಯಬೇಕಾಯಿತು. ಯಾರೂ ನಂಬಲಿಲ್ಲ! ಕೊನೆಗೆ ಕಾವಲುಗಾರರ ಎದುರಿನಲ್ಲಿ ಇನ್ನೊಂದು ಚಿತ್ರವನ್ನು ಬರೆದು ತೋರಿಸಿದನು. 1947ರಲ್ಲಿ ಮೋಸಗಾರಿಕೆಗಾಗಿ ಒಂದು ವರುಷದ ಶಿಕ್ಷೆಯಾಯಿತು. ಅದೇ ವರುಷದ ಕೊನೆಗೆ ತೀರಿಕೊಂಡನು.

ಮಹನೀಯರೇ, ಮೋಸವು ಮೋಸವೇ. ಅದನ್ನು ನಾವು ಸಮರ್ಥಿಸುವದಿಲ್ಲ. ಆದರೆ ಒಂದು ಮಾತನ್ನು ಕೇಳಬೇಕಾಗಿದೆ. ಅದೇ ಬಟ್ಟೆ, ಅದೇ ಬಣ್ಣ, ಅದೇ ರೇಖೆ. ನಿನ್ನೆ ಅದರ ಮುಂದೆ ಆನಂದಬಾಷ್ಪವನ್ನು ಸುರಿಸಿದವರು ಇಂದು ಮುಖ ತಿರುಗಿಸಿದರು. ಬದಲಾದದ್ದು ಕೆಳಗಿನ ಹೆಸರಿನ ಚೀಟಿ ಮಾತ್ರ. ಹಾಗಾದರೆ ಅವರು ನೋಡಿದ್ದು ಚಿತ್ರವನ್ನೋ ಚೀಟಿಯನ್ನೋ?

ಇನ್ನು ಪೇಟೆಯ ಧಾರಣಿಯನ್ನೇ ಪ್ರಮಾಣವೆಂದು ಹಿಡಿಯೋಣವೆನ್ನುವವರಿದ್ದಾರೆ. ನಾಲ್ಕು ಜನ ಕೂಗಿ ಕಟ್ಟಿದ ಬೆಲೆಯೇ ನಿಜವಾದ ಬೆಲೆಯೆಂಬದು ಅವರ ವಾದ. 1958ರಲ್ಲಿ ಲಂಡನ್ನಿನ ಲಿಲಾವಿನಲ್ಲಿ 45 ಪೌಂಡುಗಳಿಗೆ ಹೋದ ಒಂದು ಏಸುವಿನ ಚಿತ್ರವು, ಲಿಯೊನಾರ್ಡೊ ಡ ವಿಂಚಿಯದೆಂಬ ಹೆಸರನ್ನು ಹೊತ್ತು, 2017ರಲ್ಲಿ ನ್ಯೂಯಾರ್ಕಿನಲ್ಲಿ 45 ಕೋಟಿ ಡಾಲರುಗಳಿಗೆ ಹೋಯಿತು. ಅದು ಪೂರ್ತಿಯಾಗಿ ಅವನ ಕೈಯದೇ ಎಂಬ ವಿಷಯದಲ್ಲಿ ಪಂಡಿತರ ಜಗಳವು ಇನ್ನೂ ತೀರಿಲ್ಲ. ಇಟಲಿಯ ಕಲಾವಿದನೊಬ್ಬನು 2019ರಲ್ಲಿ ಒಂದು ಬಾಳೆಯ ಹಣ್ಣನ್ನು ಗೋಡೆಗೆ ಪಟ್ಟಿಯಿಂದ ಅಂಟಿಸಿ ಕೃತಿಯೆಂದನು. 2024ರ ಲಿಲಾವಿನಲ್ಲಿ ಅಂಥ ಒಂದು ಹಣ್ಣು 62 ಲಕ್ಷ ಡಾಲರುಗಳಿಗೆ ಹೋಯಿತು. ಕೊಂಡ ಸಾಹುಕಾರನು ಅದನ್ನು ತಿಂದುಬಿಟ್ಟನು! ಬೀದಿಯ ಬಂಡಿಯಲ್ಲಿ ಆ ಹಣ್ಣಿಗೆ ಒಂದು ಡಾಲರೂ ಬಿದ್ದಿರಲಿಲ್ಲ. ಈ ಕೃತಿಯು ಲೋಕವನ್ನು ಅಣಕಿಸುವದಕ್ಕಾಗಿಯೇ ಹುಟ್ಟಿತೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಣಕವನ್ನು ಕೂಡ ಪೇಟೆಯು ಕೊಂಡು ಜೇಬಿಗಿಳಿಸಿತೆಂಬದನ್ನು ಮರೆಯಬಾರದು. ಧಾರಣಿಯು ಕೊಳ್ಳುವವನ ಚೀಲದ ಆಳವನ್ನು ತಿಳಿಸೀತು. ಕಲೆಯ ಆಳವನ್ನು ತಿಳಿಸಲಾರದು.

ಹಾಗಾದರೆ ಬಹುಜನರ ಮೆಚ್ಚಿಗೆಯೇ ಪ್ರಮಾಣವೇ? ಇದು ವಿಚಾರಮಾಡತಕ್ಕ ಮಾತು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ಲಕ್ಷ್ಮೀ ಸರಸ್ವತಿಯರನ್ನು ಬಣ್ಣದ ಅಚ್ಚಿನಲ್ಲಿ ಮನೆಮನೆಗೂ ಕಳಿಸಿದರು. ಅರಮನೆಯಲ್ಲಿದ್ದ ಚಿತ್ರವು ಗುಡಿಸಲಿನ ಗೋಡೆಗೂ ಬಂದಿತು. ನಮ್ಮ ಅಜ್ಜಿಯವರು ದಿನವೂ ದೀಪ ಹಚ್ಚುತ್ತಿದ್ದುದು ಅಂಥ ಒಂದು ಅಚ್ಚಿನ ಲಕ್ಷ್ಮಿಯ ಮುಂದೆಯೇ. ಆದರೆ ಕಲಕತ್ತೆಯ ಹೊಸ ಪಂಥದವರು, ಇದು ಪಾಶ್ಚಾತ್ಯ ಪದ್ಧತಿಯ ಅನುಕರಣ, ಇದರಲ್ಲಿ ಭಾರತದ ಆತ್ಮವಿಲ್ಲ ಎಂದು ತೆಗೆದುಹಾಕಿದರು. ಮುಂದೆ 1979ರಲ್ಲಿ ಭಾರತ ಸರಕಾರವು ಅದೇ ರವಿವರ್ಮರ ಕೃತಿಗಳನ್ನು ದೇಶದಿಂದ ಹೊರಗೆ ಸಾಗಿಸಕೂಡದ ಕಲಾನಿಧಿಗಳೆಂದು ಸಾರಿತು. ಅಜ್ಜಿಯ ತೀರ್ಪು, ಪಂಡಿತರ ತೀರ್ಪು, ಸರಕಾರದ ತೀರ್ಪು ಮೂರೂ ಬೇರೆ ಬೇರೆ ಕಾರಣಗಳಿಂದ ಹುಟ್ಟಿದವು. ಅಜ್ಜಿಗೆ ಬೇಕಾದದ್ದು ದೇವರು, ಪಂಡಿತರಿಗೆ ಬೇಕಾದದ್ದು ಸ್ವದೇಶಿ ರೀತಿ, ಸರಕಾರಕ್ಕೆ ಬೇಕಾದದ್ದು ನಾಡಿನ ಆಸ್ತಿ. ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಚಿತ್ರದಲ್ಲಿ ಹುಡುಕಿ, ಸಿಕ್ಕರೆ ಶ್ರೇಷ್ಠವೆಂದೂ ಸಿಗದಿದ್ದರೆ ಕನಿಷ್ಠವೆಂದೂ ಹೇಳುವರು. ಸಮಾಜವು ಬೆಲೆಯನ್ನು ಕಟ್ಟುವ ಬಗೆಯೇ ಇದು.

ಕೊನೆಗೆ ಉಳಿದದ್ದು ಒಂದೇ ಸಮಾಧಾನ: ಕಾಲವೇ ನಿಜವಾದ ಪರೀಕ್ಷಕನು ಎಂಬದು. ಈ ಮಾತನ್ನು ನಾವು ಬಹು ವರುಷ ನಂಬಿದ್ದೆವು. ಈಗ ನಂಬುವದಿಲ್ಲ, ಏಕೆಂಬದನ್ನು ಹೇಳುವೆವು.

ನಮ್ಮ ಗುರುಗಳು ನಾಟಕ ಕಂಪನಿಗಳಿಗೆ ಪರದೆಗಳನ್ನು ಬರೆಯುತ್ತಿದ್ದರು. ಕಾಡು, ಅರಮನೆ, ಬೀದಿ, ಸ್ಮಶಾನ: ನಾಲ್ಕು ಪರದೆಗಳಲ್ಲಿ ಹದಿನಾಲ್ಕು ಲೋಕಗಳು. ಅವರ ಅರಮನೆಯ ಪರದೆಯು ಮೇಲೆದ್ದೊಡನೆ, ಪಾತ್ರಧಾರಿಯು ಬಾಯಿ ತೆರೆಯುವ ಮೊದಲೇ, ಜನರು ಚಪ್ಪಾಳೆ ತಟ್ಟುತ್ತಿದ್ದುದನ್ನು ಚಿಕ್ಕವರಿದ್ದಾಗ ನಾವು ಕಣ್ಣಾರೆ ಕಂಡಿದ್ದೇವೆ. ಕಂಬಗಳ ಸಾಲು ಒಳಗೊಳಗೆ ಹೋಗಿ, ಕಟ್ಟಕಡೆಗೆ ಒಂದು ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ಬೆಳಗಿನ ಬೆಳಕು. ಅಷ್ಟು ದೂರದ ಬೆಳಕನ್ನು ಬಟ್ಟೆಯ ಮೇಲೆ ತಂದ ಕೈಯನ್ನು ನಾವು ಮತ್ತೆ ಕಂಡಿಲ್ಲ. ಕಂಪನಿಯು ಸಾಲದಲ್ಲಿ ಮುಳುಗಿತು. ಸಾಮಾನುಗಳು ಮಾರಿಹೋದವು. ಕೆಲವು ವರುಷಗಳ ತರುವಾಯ ಒಂದು ಊರಿನ ಅಡತಿಯ ಅಂಗಡಿಗೆ ಕೆಲಸದ ನಿಮಿತ್ತ ಹೋದಾಗ, ಅಂಗಳದಲ್ಲಿ ಶೇಂಗಾ ಚೀಲಗಳ ರಾಶಿಯ ಮೇಲೆ ಒಂದು ದಪ್ಪನ್ನ ಬಟ್ಟೆಯನ್ನು ಹೊದಿಸಿದ್ದರು. ಮಳೆಗೆ ಬಣ್ಣವೆಲ್ಲ ಇಳಿದಿತ್ತು. ಒಂದು ಮೂಲೆಯಲ್ಲಿ ಮಾತ್ರ ಆ ಕಿಟಕಿಯು ಉಳಿದಿತ್ತು.

ಅಂಗಡಿಯವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಅದನ್ನು ತೂಕದ ಮೇಲೆ ಕೊಂಡಿದ್ದರು. ಶೇಂಗಾ ತೊಯ್ಯದಂತೆ ಅದು ಕಾಯಿತು. ಅವರ ಹಣಕ್ಕೆ ಮೋಸವಾಗಲಿಲ್ಲ. ಆದರೆ ಕಾಲವೆಂಬ ಪರೀಕ್ಷಕನು ಇನ್ನು ನೂರು ವರುಷದ ಮೇಲೆ ಬಂದು ನಮ್ಮ ಗುರುಗಳ ಚಿತ್ರವನ್ನು ಹೇಗೆ ಪರೀಕ್ಷಿಸಬೇಕು? ಸಾಕ್ಷಿಯೇ ಸತ್ತ ಮೇಲೆ ನ್ಯಾಯವೆಲ್ಲಿಯದು?

ವಾನ್ ಗೋಗನ ಕಥೆಯನ್ನು ತಾವು ಕೇಳಿರಬಹುದು. 1890ರಲ್ಲಿ, ಅವನು ತೀರಿಕೊಳ್ಳುವ ಕೆಲವೇ ತಿಂಗಳ ಹಿಂದೆ, ಅವನ ದ್ರಾಕ್ಷಿಯ ತೋಟದ ಒಂದು ಚಿತ್ರವು ಬ್ರಸೆಲ್ಸಿನಲ್ಲಿ 400 ಫ್ರಾಂಕುಗಳಿಗೆ ಹೋಯಿತು. ಸರಿಯಾಗಿ ನೂರು ವರುಷಗಳ ಮೇಲೆ, 1990ರಲ್ಲಿ, ಅವನ ವೈದ್ಯರ ಚಿತ್ರವೊಂದು 8 ಕೋಟಿ 25 ಲಕ್ಷ ಡಾಲರುಗಳಿಗೆ ಹೋಯಿತು. ನೋಡಿರಿ, ಕಾಲವು ನ್ಯಾಯವನ್ನು ಕೊಟ್ಟಿತು ಎನ್ನುವರು. ಕಾಲವು ಕೊಡಲಿಲ್ಲ, ಯೊಹಾನ್ನಾ ಎಂಬ ಒಬ್ಬ ಹೆಣ್ಣುಮಗಳು ಕೊಟ್ಟಳು. ಅವಳು ವಾನ್ ಗೋಗನ ತಮ್ಮನ ಹೆಂಡತಿ. ಅಣ್ಣನು ತೀರಿಕೊಂಡ ಆರು ತಿಂಗಳಲ್ಲಿ ತಮ್ಮನೂ ತೀರಿದನು. ಕೈಯಲ್ಲಿ ಎಳೆಗೂಸು, ಮನೆಯ ತುಂಬ ಯಾರಿಗೂ ಬೇಡವಾದ ನೂರಾರು ಚಿತ್ರಗಳು. ಅವಳು ಊಟ ವಸತಿಯ ಮನೆಯನ್ನು ನಡೆಯಿಸಿ ಹೊಟ್ಟೆ ಹೊರೆದಳು, ಚಿತ್ರಗಳನ್ನು ಬಿಸಾಡಲಿಲ್ಲ. ಊರೂರಿಗೆ ಪ್ರದರ್ಶನಕ್ಕೆ ಕಳಿಸಿದಳು. ಅಣ್ಣತಮ್ಮಂದಿರ ಪತ್ರಗಳನ್ನು ಅಣಿಗೊಳಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ಅವಳು ಅವನ್ನು ಗುಜರಿಗೆ ಹಾಕಿದ್ದರೆ ಕಾಲವು ಏನು ಮಾಡುತ್ತಿತ್ತು? ಕಾಲಕ್ಕೆ ಕಣ್ಣಿಲ್ಲ, ಕೈಯಿಲ್ಲ. ಅದು ಯಾರೋ ಕಾಯ್ದಿಟ್ಟುದನ್ನು ಮಾತ್ರ ತೂಗಬಲ್ಲದು.

ಆದುದರಿಂದ ನಿನ್ನೆಯ ಆ ಮಹನೀಯರಿಗೆ ನಾವು ಹೇಳುವ ಉತ್ತರವಿದು. ಬೆಲೆ ಬೇರೆ, ಮೌಲ್ಯ ಬೇರೆ. ಬೆಲೆಯು ಕೊಡುವವನಿಗೂ ಕೊಳ್ಳುವವನಿಗೂ ನಡುವಿನ ಒಪ್ಪಂದ. ಅದು ಹೆಚ್ಚೂ ಆದೀತು, ಕಡಿಮೆಯೂ ಆದೀತು. ಮೌಲ್ಯವಾದರೋ ಚಿತ್ರಕ್ಕೂ ನೋಡುವ ಕಣ್ಣಿಗೂ ನಡುವೆ ಹುಟ್ಟತಕ್ಕದ್ದು. ಕಣ್ಣು ಪಳಗದಿದ್ದರೆ ಅದು ಹುಟ್ಟುವದೇ ಇಲ್ಲ. ಪಳಗದ ಕಣ್ಣಿನ ಸಮಾಜವು ದಿನವನ್ನೆಣಿಸೀತು, ಚೀಟಿಯನ್ನು ಓದೀತು, ಲಿಲಾವಿನ ಕೂಗಿಗೆ ಕಿವಿಗೊಟ್ಟೀತು. ಚಿತ್ರವನ್ನು ಮಾತ್ರ ನೋಡದು. ನೀವು ಗೌಂಡಿಯ ಹೆಸರನ್ನು ತೆಗೆದಿರಿ; ಬಹಳ ಒಳ್ಳೆಯದಾಯಿತು. 1117ರಲ್ಲಿ ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ದಾಸೋಜನೂ, ಸೋಮನಾಥಪುರದ ಮಲ್ಲಿತಮ್ಮನೂ ಕಲ್ಲಿನ ಕೆಲಸದವರೇ. ತಾವು ಕಡೆದ ಶಿಲ್ಪದ ಕೆಳಗೆ ಅವರು ತಮ್ಮ ಹೆಸರನ್ನು ಕೊರೆದಿದ್ದಾರೆ. ಅವರ ಕೂಲಿ ಎಷ್ಟೆಂದು ಇಂದು ನೋಡಹೋದವರಾರೂ ಕೇಳುವದಿಲ್ಲ. ಕಣ್ಣೆತ್ತಿ ನೋಡುತ್ತ ನಿಂತುಬಿಡುತ್ತಾರೆ. ಗೌಂಡಿಯ ದುಡಿತವು ಕಡಿಮೆಯದೆಂದು ನಾವು ಹೇಳುವದಿಲ್ಲ. ಅವನ ಕೈಯ ಹದಕ್ಕೂ ಬರಿಯ ದಿನಗೂಲಿಯ ಲೆಕ್ಕವು ಸಾಲದೆಂದು ಹೇಳುತ್ತೇವೆ.

ಇಷ್ಟನ್ನು ಹೇಳಿ ನಮ್ಮ ಕುಲದ ತಪ್ಪನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಚಿತ್ರವು ಮಾರಿಹೋಗದಿದ್ದಾಗಲೆಲ್ಲ "ಜನರಿಗೆ ತಿಳಿಯದು" ಎಂದು ಮುಖ ಊದಿಸಿಕೊಳ್ಳುವ ಚಟ ನಮ್ಮವರಿಗಿದೆ. ಬೈಸಿಕೊಂಡವರೆಲ್ಲರೂ ವಿಸ್ಲರರಲ್ಲ, ಮಾರಾಟವಾಗದ ಚಿತ್ರಗಳಲ್ಲಿ ಹೆಚ್ಚಿನವು ಕೆಟ್ಟವೇ. ನಮ್ಮ ಮನೆಯ ಅಟ್ಟದ ಮೇಲೆಯೂ ಅಂಥವು ರಾಶಿಯಾಗಿ ಬಿದ್ದಿವೆ. ಅವನ್ನು ಮೆಚ್ಚಬೇಕೆಂದು ಸಮಾಜವನ್ನು ನಾವು ಬೇಡುವದಿಲ್ಲ. ನೋಡಿ ತಿರಸ್ಕರಿಸಿರಿ, ಅದು ತಮ್ಮ ಹಕ್ಕು. ನೋಡದೆ ತಿರಸ್ಕರಿಸಬೇಡಿರಿ, ನೋಡದೆ ಹೊಗಳಲೂಬೇಡಿರಿ. ಇಷ್ಟೇ ನಮ್ಮ ಬಿನ್ನಹ.

ಗುರುಜನರೇ, ಈ ಕೆಲಸವು ಆಗಬೇಕಾದರೆ ಅದು ತಮ್ಮಿಂದಲೇ ಆಗಬೇಕು. ಸಾಲೆಯ ವೇಳಾಪತ್ರಿಕೆಯಲ್ಲಿ ಚಿತ್ರಕಲೆಗೆಂದು ಬರೆದ ಒಂದು ತಾಸನ್ನು ಪರೀಕ್ಷೆಯು ಹತ್ತಿರ ಬಂದಾಗ ಗಣಿತಕ್ಕೆ ಕಡ ಕೊಡಬೇಡಿರಿ. ಆ ಕಡವು ಎಂದೂ ಮರಳಿ ಬರುವದಿಲ್ಲ. ಮಕ್ಕಳೆಲ್ಲರೂ ಚಿತ್ರಕಾರರಾಗುವದು ಬೇಡ. ಅವರು ನೋಡುವವರಾದರೆ ಸಾಕು. ಅವರನ್ನು ಊರ ಗುಡಿಗೆ ಕರೆದೊಯ್ದು ಒಂದು ಕಂಬದ ಮುಂದೆ ಕಾಲು ತಾಸು ಸುಮ್ಮನೆ ನಿಲ್ಲಿಸಿರಿ. ಗೋಡೆಗೆ ಸುಣ್ಣ ಬಳಿಯುವ ಮೊದಲು ಅದರ ಮೇಲೆ ಏನಿದೆಯೆಂದು ನೋಡಲು ಕಲಿಸಿರಿ. ಅಟ್ಟದ ಮೇಲಿನ ಹಳೆಯ ಪಟವನ್ನು ಗುಜರಿಯವನಿಗೆ ಹಾಕುವ ಮೊದಲು ಧೂಳನ್ನೊರಸಿ ನೋಡಲು ಹೇಳಿರಿ. ಯಾವ ಮನೆಯಲ್ಲಿ ಯೊಹಾನ್ನಾ ಇದ್ದಾಳೆಂಬದು ಯಾರಿಗೆ ಗೊತ್ತು?

ಈ ಮುಂಜಾನೆ ಬಾಗಿಲು ತೆರೆಯುವ ಮೊದಲೇ ತಮ್ಮ ಸಾಲೆಯ ಹುಡುಗನೊಬ್ಬನು ಕಿಟಕಿಯಿಂದ ಇಣಿಕಿ ಆ ಹುಣಿಸೆಯ ಮರದ ಚಿತ್ರವನ್ನು ನೋಡುತ್ತಿದ್ದನು. ಒಳಗೆ ಕರೆದೆವು. ಬಹಳ ಹೊತ್ತು ನೋಡಿ, "ಇದು ಮಧ್ಯಾಹ್ನದ ನೆರಳಲ್ಲ, ಸಂಜೆಯದು" ಎಂದನು. ಹೌದೆಂದೆವು. ಅವನು ಬೆಲೆಯನ್ನು ಕೇಳಲಿಲ್ಲ. ಕೇಳಿದ್ದರೂ ಅವನ ಜೇಬಿನಲ್ಲಿ ಕೊಡಲಿಕ್ಕೆ ಏನೂ ಇರಲಿಲ್ಲ. ಆದರೆ ನಾವು ಮೂರು ಸಂಜೆ ಕೆರೆಯ ದಂಡೆಯ ಮೇಲೆ ಕುಳಿತದ್ದು ಆ ನೆರಳಿಗಾಗಿಯೇ ಆಗಿತ್ತು. ಅದನ್ನು ಕಂಡವನು ಈ ಊರಿನಲ್ಲಿ ಒಬ್ಬನಿದ್ದಾನೆ. ಅಂಥವರನ್ನು ಹತ್ತಾಗಿಸುವದು, ನೂರಾಗಿಸುವದು ತಮ್ಮ ಕೈಯಲ್ಲಿದೆ.

ಪ್ರದರ್ಶನವು ಪ್ರಾರಂಭವಾಯಿತೆಂದು ಸಾರುತ್ತೇವೆ. ದಯಮಾಡಿ ಮೊದಲು ಚಿತ್ರಗಳನ್ನು ನೋಡಿರಿ. ಚೀಟಿಗಳನ್ನು ಆಮೇಲೆ ಓದಿರಿ.